ಬಂದದ್ದು ತಿಪ್ಪೆಗೋ, ನನಗೋ?

"ಕೈ ಆಚೆ ತೆಗೀರಿ! ಮೊದ್ಲು ಕೈ ತೆಗೀರಿ!"

ಶಿವಾನಿಯ ಕೂಗಿಗೆ ತಿಪ್ಪೆಯ ಮೇಲೆ ಮಂಡಿಯೂರಿ ಕೂತಿದ್ದ ಗಂಡಸು ಬೆಚ್ಚಿ ತಿರುಗಿದ. ಅವನ ಬಲಗೈ ಮೊಣಕೈಯವರೆಗೂ ತಿಪ್ಪೆಯೊಳಗಿತ್ತು. ಸುತ್ತ ಬಿಳೀ ಹಬೆ. ದೀಪಾವಳಿಯಲ್ಲಿ ತಿಪ್ಪೆಗೆ ಪೂಜೆ ಮಾಡಿ ಇಟ್ಟಿದ್ದ ಚೆಂಡು ಹೂಗಳು ಇನ್ನೂ ಪೂರ್ತಿ ಬಾಡಿರಲಿಲ್ಲ. ಅಂಥ ಜಾಗದಲ್ಲಿ, ಬೆಳಗಾಗುವ ಹೊತ್ತಿಗೇ, ಗುರುತು ಪರಿಚಯವಿಲ್ಲದ ಒಬ್ಬ ಕೈ ತೂರಿಸಿಕೊಂಡು ಕೂತಿದ್ದಾನೆ ಎಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

ಶಿವಾನಿಯ ಕೈಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲಿತ್ತು. ಅದನ್ನು ಅವಳು ಕೆಳಗಿಳಿಸಲಿಲ್ಲ.

"ಏನ್ ಹೂತಿಡ್ತಿದ್ದೀರಿ ಅಲ್ಲಿ? ಮಾಟ ಗೀಟ ಮಾಡಿಸೋಕೆ ಬಂದಿದ್ದೀರಾ?"

"ಅಯ್ಯೋ, ಮಾಟ ಅಲ್ಲ ಕಣ್ರೀ... ಥರ್ಮಾಮೀಟರ್!"

ಅವನು ಕೈ ಹೊರಗೆಳೆದ. ನಿಜ, ಉದ್ದನೆಯ ಕಡ್ಡಿಯಂಥ ಥರ್ಮಾಮೀಟರು. ಅದನ್ನು ನೋಡಿದವನೇ ಕುಡುಗೋಲು, ಹುಡುಗಿ, ಮಾಟದ ಆರೋಪ ಎಲ್ಲವನ್ನೂ ಮರೆತು ಮುಖ ಅರಳಿಸಿದ.

"ಐವತ್ತೆರಡು ಡಿಗ್ರಿ! ರೀ, ನಿಮ್ಮ ತಿಪ್ಪೆ ತುಂಬಾ ಚೆನ್ನಾಗಿದೆ!"

ಕಣ್ಣು ಚೆನ್ನಾಗಿದೆ, ಜಡೆ ಚೆನ್ನಾಗಿದೆ ಎಂದು ಹುಡುಗಿಯರನ್ನು ಹೊಗಳುವವರನ್ನು ಶಿವಾನಿ ಕಾಲೇಜಿನ ದಾರಿಯಲ್ಲಿ ಬೇಕಾದಷ್ಟು ಕಂಡಿದ್ದಳು. ತಿಪ್ಪೆಯನ್ನು ಹೊಗಳಿದವನು ಇವನೇ ಮೊದಲು.

ಅವನ ಹೆಸರು ಮೃತ್ಯುಂಜಯ. ಊರು ಚಂದಕವಾಡಿ. ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಎಂಜೈಮ್ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಶಾಖ ಹೆಚ್ಚಿರುವ ತಿಪ್ಪೆಗಳನ್ನು ಹುಡುಕಿಕೊಂಡು ಊರೂರು ಸುತ್ತುತ್ತಾ ಶಿವಾನಿಯ ಊರು ಉಡಿಗಾಲಕ್ಕೆ ಬಂದಿದ್ದನಂತೆ. ಒಂದು ಹಿಡಿ ಗೊಬ್ಬರ ಬೇಕಿತ್ತಂತೆ.

ಗಲಾಟೆ ಕೇಳಿ ಹಿತ್ತಲ ಬಾಗಿಲಿಗೆ ಬಂದ ಅಜ್ಜಿ ದೊಡ್ಡಮಲ್ಲಮ್ಮ, ವಿಷಯ ತಿಳಿದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅಲ್ಲ ಕಣಪ್ಪ, ಇವತ್ತು ಸುಕ್ರವಾರ ಅಲ್ವ? ಸುಕ್ರವಾರ ಮನೆ ಗೊಬ್ರನ ಆಚ್ಗೆ ಕೊಟ್ಟರ? ಲಕ್ಸ್ಮಿ ಕಣ ಅದು! ಕಾಪಿ ಕುಡ್ಕೊಂಡು ಓಗು, ನಾಳ್ಕ ಬಾ."

ಅವನು ಕಾಫಿ ಕುಡಿದ, ಹೋದ, ಶನಿವಾರ ಬಂದ. ಒಂದು ಹಿಡಿ ಗೊಬ್ಬರವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ! ಮುಂದಿನ ಶುಕ್ರವಾರ ಮತ್ತೆ ಅವನ ಬೈಕು ಬಾಗಿಲಲ್ಲಿತ್ತು.

ಶಿವಾನಿ ಹುಟ್ಟಾ ಅನುಮಾನದವಳಲ್ಲ. ಅವಳನ್ನು ಹಾಗೆ ಮಾಡಿದ್ದು ನಂಜನಗೂಡು ಕಡೆಯ ಒಂದು ಗಂಡಿನ ಮನೆಯವರು. ಹೆಣ್ಣು ನೋಡಲು ಬಂದರು, ಕೇಸರಿಬಾತು ತಿಂದರು, 'ಹುಡುಗಿ ಒಪ್ಪಿಗೆ' ಎಂದರು. ಹೊರಡುವ ಮುಂಚೆ ಹುಡುಗನ ಅಪ್ಪ ತೋಟಕ್ಕೆ ನಡೆದು, ಬೋರ್‌ವೆಲ್ ಆನ್ ಮಾಡಿಸಿ, ಪೈಪಿನ ಬಾಯಿಗೆ ಅಂಗೈ ಹಿಡಿದು ನೀರಿನ ರಭಸ ನೋಡಿದ. ಆ ಬೇಸಿಗೆಯಲ್ಲಿ ನೀರು ಸಣ್ಣಗಾದ ಸುದ್ದಿ ಅವರ ಕಿವಿಗೆ ಬಿದ್ದದ್ದೇ ತಡ, ಸಂಬಂಧ ಮುರಿದುಬಿತ್ತು. ತಾಯಿಯಿಲ್ಲದ ಹುಡುಗಿ ಅಜ್ಜಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು. 'ನನ್ನನ್ನು ಅವರು ನೋಡಲೇ ಇಲ್ಲ ಅಜ್ಜಿ...'

ಅಂದಿನಿಂದ ಮನೆಗೆ ಯಾರೇ ಬರಲಿ, ಅವಳ ಮನಸ್ಸು ಮೊದಲು ಕೇಳುವುದು ಒಂದೇ: ಇವರಿಗೆ ನಿಜವಾಗಿ ಬೇಕಾದದ್ದೇನು?

"ಅಷ್ಟಕ್ಕೂ ಆ ಗೊಬ್ಬರದಲ್ಲಿ ಏನಿದೆ?" ಒಂದು ದಿನ ನೇರವಾಗಿ ಕೇಳಿದಳು.

"ಬೂಷ್ಟು."

"ಬೂಷ್ಟಾ! ಅದು ನಮ್ಮನೆ ಉಪ್ಪಿನಕಾಯಿ ಮೇಲೂ ಬರುತ್ತೆ."

"ಅದು ಬಿಸಿ ತಡೆಯಲ್ಲ ಕಣ್ರೀ. ಇದು ಬೇರೆ. ಶಾಖ ಇದ್ದಷ್ಟೂ ಹಿಗ್ಗುತ್ತೆ. ನೀವು ಹಾಕಿರೋ ಕಬ್ಬಿನ ತರಗು, ಅರಿಶಿನದ ಎಲೆ ಎಲ್ಲಾನೂ ಅರಗಿಸಿಕೊಳ್ಳೋಕೆ ಒಂದು ರಸ ಬಿಡುತ್ತೆ. ಅದೇ ಎಂಜೈಮ್. ಬಟ್ಟೆ ಕಾರ್ಖಾನೆಲಿ, ಕಾಗದದ ಕಾರ್ಖಾನೆಲಿ ತೊಟ್ಟಿಗಳು ಕಾದಿರ್ತವೆ. ಬೇರೆ ಎಂಜೈಮ್ ಹಾಕಿದ್ರೆ ಆ ಬಿಸಿಗೆ ಕೆಟ್ಟುಹೋಗುತ್ತೆ. ಇದರದ್ದು ಆರಾಮಾಗಿ ಕೆಲಸ ಮಾಡುತ್ತೆ. ಅಷ್ಟರಮಟ್ಟಿಗೆ ಆಸಿಡ್ಡು, ಬ್ಲೀಚು ಸುರಿಯೋದು ತಪ್ಪುತ್ತೆ."

"ಸಿಕ್ತಾ ಮತ್ತೆ, ಅಂಥ ಬೂಷ್ಟು?"

ಅವನು ಕಾಫಿ ಲೋಟದೊಳಗೆ ನೋಡಿದ.

"ಇಲ್ಲ... ಇನ್ನೂ ಹುಡುಕ್ತಾ ಇದ್ದೀನಿ. ಇನ್ನೊಂದು ಹಿಡಿ ಬೇಕಾಗಬಹುದು."

ಆ ತಡವರಿಕೆಯನ್ನು ಶಿವಾನಿ ಗಮನಿಸಿದಳು. ಗಮನಿಸದೇ ಬಿಡುವವಳಲ್ಲ. ಅವಳನ್ನು ಇನ್ನೂ ಕಾಡಿದ್ದು ಅವನ ಶುಕ್ರವಾರಗಳು. ಪ್ರತಿ ಶುಕ್ರವಾರ ಬರುತ್ತಾನೆ, ಅಜ್ಜಿ 'ಇವತ್ತು ಕೊಡಲ್ಲ' ಎನ್ನುತ್ತಾಳೆ, 'ಅಯ್ಯೋ ಮರೆತೇಬಿಟ್ಟೆ' ಎಂದು ಹಣೆ ಚಚ್ಚಿಕೊಳ್ಳುತ್ತಾನೆ, ಕಾಫಿ ಕುಡಿಯುತ್ತಾನೆ, ಶನಿವಾರ ಮತ್ತೆ ಬರುತ್ತಾನೆ! ಹೊರದೇಶದವನಾದರೆ ಸರಿ. ಚಂದಕವಾಡಿಯ ರೈತರ ಮನೆ ಹುಡುಗನಿಗೆ ಶುಕ್ರವಾರದ ಪದ್ಧತಿ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ?

'ಶುಕ್ರವಾರ ನೋಡಿಕೊಂಡು ಹೋಗಲು, ಶನಿವಾರ ಕೊಂಡುಹೋಗಲು. ಇವನ ಲೆಕ್ಕಾಚಾರ ಬೇರೇನೋ ಇದೆ...'

ಹಾಗಾಗಿ ಒಂದು ಪರೀಕ್ಷೆ ಇಟ್ಟಳು. ಅವನು ಬಂದಾಗ ಮುಖ ಸಪ್ಪಗೆ ಮಾಡಿಕೊಂಡು, "ನಮ್ಮ ಬೋರ್‌ವೆಲ್ ಬತ್ತಿಹೋಯ್ತು" ಎಂದಳು. ಅವನ ಮುಖದಲ್ಲಿ ಏನು ಬದಲಾಗುತ್ತದೆ ಎಂದು ಹದ್ದಿನ ಹಾಗೆ ಕಾದಳು.

"ಅಯ್ಯೋ! ಕುಡಿಯೋಕೆ ನೀರು?" ಎಂದ ಅವನು.

ಮರುದಿನ ಬೈಕಿನ ಹಿಂದೆ ನೀರಿನ ಕ್ಯಾನು ಕಟ್ಟಿಕೊಂಡು ಬಂದು ಜಗಲಿಯ ಮೇಲಿಟ್ಟ. ಅದೇ ಹೊತ್ತಿಗೆ ತೋಟದಲ್ಲಿ ಪೈಪಿನಿಂದ ಧೋ ಎಂದು ನೀರು ಬೀಳುತ್ತಿತ್ತು. ಅವನು ತೋಟವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಶಿವಾನಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ಆಮೇಲೆ ಇಬ್ಬರಿಗೂ ನಗು ಬಂತು. ಹಾಗೆ ಹೊಟ್ಟೆ ಹಿಡಿದುಕೊಂಡು ಅವಳು ನಕ್ಕು ಎಷ್ಟೋ ಕಾಲವಾಗಿತ್ತು.

ಅಂದು ಅವಳ ಮನಸ್ಸಿನಲ್ಲಿ ಒಂದು ಬೆಚ್ಚನೆಯ ಸಂದೇಹ ಹುಟ್ಟಿತು. 'ತಿಪ್ಪೆ ಅನ್ನೋದು ಬರೀ ನೆಪವಾ? ಇವನು ಬರ್ತಿರೋದು... ನನಗಾಗಿಯಾ?'

ಆ ಸಂದೇಹವನ್ನು ಅವಳು ಯಾರಿಗೂ ಹೇಳಲಿಲ್ಲ. ಶುಕ್ರವಾರ ಮಾತ್ರ ತಲೆಗೆ ಸ್ನಾನ ಮಾಡಿ, ಹೂ ಮುಡಿದು, ಬೇಕೆಂದೇ ಹಿತ್ತಲಲ್ಲಿ ಕೆಲಸ ಹುಡುಕಿಕೊಳ್ಳತೊಡಗಿದಳು.

ಅಷ್ಟರಲ್ಲಿ ಅಪ್ಪ ಚಿಕ್ಕಮಲ್ಲಪ್ಪ ಗುಂಡ್ಲುಪೇಟೆಯ ಒಂದು ಸಂಬಂಧದ ಮಾತು ತೆಗೆದ. ಒಳ್ಳೆಯ ಮನೆ, ಹೂವಿನ ವ್ಯಾಪಾರ, ಅವರಾಗೇ ಕೇಳಿಕೊಂಡು ಬಂದಿದ್ದಾರೆ.

"ಬಾನುವಾರ ಬತ್ತಾವ್ರೆ ಕಣವ್ವ. ನಿಂಗೆ ಇಷ್ಟ ಇಲ್ದೆ ನಾ ಏನೂ ಮಾಡಕಿಲ್ಲ. ಆದ್ರೆ ಅವತ್ತು ಉತ್ರ ಕೊಟ್ಬುಡು. ಎಷ್ಟು ದಿನ ಅಂತ ಇಂಗೇ ಇರನ?"

ಅಪ್ಪನ ದನಿಯಲ್ಲಿ ಬಲವಂತ ಇರಲಿಲ್ಲ. ಅದಕ್ಕೇ ಇಲ್ಲವೆನ್ನುವುದು ಕಷ್ಟವಾಯಿತು. ಮೃತ್ಯುಂಜಯ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನೋ ಬೂಷ್ಟಿನ ವಿಷಯ ಬಿಟ್ಟು ಬೇರೆ ಬಾಯಿ ಬಿಡುತ್ತಿರಲಿಲ್ಲ.

ಆ ವಾರವೇ ಗುಂಡ್ಲುಪೇಟೆಯಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದವನು ಆ ಗಂಡಿನ ಚಿಕ್ಕಪ್ಪ ಮಹದೇವಪ್ರಸಾದ್. ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹಲ್ಲು ಕಿರಿದ.

"ನೀನೇನವ್ವ ಉಡಿಗಾಲದ ಕೂಸು? ನಿಮ್ ತಿಪ್ಪೆ ಈಗ ಬಾರಿ ಪೇಮಸ್ಸು ಬುಡು!"

"ನಮ್ಮ ತಿಪ್ಪೆನಾ?"

"ಗೊತ್ತಿಲ್ವಾ? ಬದನಗುಪ್ಪೆ ಕಂಪ್ನಿಯೋರು ನಿಮ್ ತಿಪ್ಪೆ ಬೂಷ್ಟನ್ನೇ ದೊಡ್ ದೊಡ್ ಡ್ರಮ್ಮಲ್ಲಿ ಬೆಳುಸ್ತಾವ್ರೆ. ಅದ್ಕೆ ಮೇವು ಅಂತ ಬಣ್ಣ ತೆಗ್ದ ನಮ್ ಹೂವಿನ ಇಂಡಿ ಕಳುಸ್ತಿರೋನು ನಾನೇ. ಎಷ್ಟೋ ತಿಂಗ್ಳಾಯ್ತಲ್ಲ ಸಿಕ್ಕಿ! ಅಂತ ತಿಪ್ಪೆ ಇರೋ ಮನೆ ಸಂಬಂದ ಬುಡಕಾಯ್ತದ?"

ಶಿವಾನಿಯ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು.

ಮೊದಲು ಬೋರ್‌ವೆಲ್ಲು. ಈಗ ತಿಪ್ಪೆ. ಈ ಗಂಡಿನ ಮನೆಯವರು ಹಾಗೆ, ಸರಿ. ಆದರೆ ಅವನು? 'ಇನ್ನೂ ಹುಡುಕ್ತಾ ಇದ್ದೀನಿ' ಎಂದು ಲೋಟದೊಳಗೆ ನೋಡಿ ಹೇಳಿದವನು? ಎಲ್ಲ ಸುಳ್ಳು! ಕಾಫಿ, ನೀರಿನ ಕ್ಯಾನು, ನಗು ಎಲ್ಲವೂ ಒಂದು ಹಿಡಿ ಬೂಷ್ಟಿಗಾಗಿ!

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಬದನಗುಪ್ಪೆಯಲ್ಲಿ ಇಳಿದಳು. ಲ್ಯಾಬಿನ ಬಿಸಿ ಕೋಣೆಯಿಂದ ಬೆವರು ಒರೆಸಿಕೊಳ್ಳುತ್ತಾ ಹೊರಬಂದ ಮೃತ್ಯುಂಜಯ ಅವಳನ್ನು ಕಂಡು ಮೊದಲು ಅರಳಿದ. ಆಮೇಲೆ ಅವಳ ಮುಖ ನೋಡಿ ಕುಗ್ಗಿದ.

"ಬೂಷ್ಟು ಸಿಕ್ಕಿದ್ದು ಯಾವಾಗ?"

ಅವನು ಮತ್ತೆ ಹಣೆ ಒರೆಸಿಕೊಂಡ.

"ನಿಮ್ಮನ್ನೇ ಕೇಳ್ತಿರೋದು! ಯಾವಾಗ?"

"...ಮೊದಲನೇ ಹಿಡಿಯಲ್ಲೇ."

ಹಾಗಾದರೆ ಇಷ್ಟು ತಿಂಗಳು! ಶಿವಾನಿಯ ಕಣ್ಣು ತುಂಬಿ ಬಂತು. ಇವನ ಮುಂದೆ ಅಳಬಾರದು ಎಂದು ತುಟಿ ಕಚ್ಚಿದಳು.

"ನಮ್ಮನೆ ಸಾಮಾನು ತಗೊಂಡು ಕಾರ್ಖಾನೆ ನಡೆಸ್ತಿದ್ದೀರಿ. ಒಂದು ಮಾತು ಹೇಳಲಿಲ್ಲ. ನಮ್ಮಜ್ಜಿ ಕೈಯಲ್ಲಿ ಕಾಫಿ ಕುಡ್ಕೊಂಡು, ಮುಖ ನೋಡ್ಕೊಂಡು ಸುಳ್ಳು ಹೇಳಿದ್ರಿ. ನಿಮಗೂ ಆ ಬೋರ್‌ವೆಲ್ ನೋಡಿ ನನ್ನನ್ನ ಬಿಟ್ಟುಹೋದವರಿಗೂ ಏನು ವ್ಯತ್ಯಾಸ?"

"ಶಿವಾನಿ ಅವರೇ, ಸ್ವಲ್ಪ ಕೇಳಿ—"

"ಬೇಡ. ಇನ್ನು ನಮ್ಮನೆ ಬಾಗಿಲಿಗೆ ಬರಬೇಡಿ."

ಅವಳು ಬಿರಬಿರನೆ ಗೇಟಿಗೆ ನಡೆದಳು. ಹಿಂದೆ ಯಾರೋ ಓಡಿ ಬಂದರು. ಅವನಲ್ಲ, ಬಿಳಿ ಕೋಟು ತೊಟ್ಟ ಒಬ್ಬ ಹೆಂಗಸು. ಲ್ಯಾಬಿನ ಮುಖ್ಯಸ್ಥೆ ಶಿವರಂಜಿನಿ. 'ಇವಳ್ಯಾರೋ ಇನ್ನೊಬ್ಬಳು!' ಎಂದು ಅಷ್ಟು ಸಂಕಟದಲ್ಲೂ ಅವಳ ಅನುಮಾನ ಒಮ್ಮೆ ಕಣ್ಣು ಬಿಟ್ಟಿತು. ಆಕೆಯ ತಲೆಯಲ್ಲಿ ನರೆಗೂದಲು ಕಂಡು ಸುಮ್ಮನಾಯಿತು.

"ಮನೇಲಿ ಹೆಪ್ಪು ಹಾಕ್ತೀಯಲ್ವಾಮ್ಮ? ಒಂದು ಸಲ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದ್ರೆ ಮತ್ತೆ ಕೇಳೋಕೆ ಹೋಗ್ತೀಯಾ?"

"ಇಲ್ಲ. ಯಾಕೆ?"

"ಬೂಷ್ಟೂ ಹಾಗೇ ಕಣಮ್ಮ. ಒಂದು ಸಲ ಸಿಕ್ಕರೆ ಮುಗೀತು. ಆಮೇಲೆ ನಾವೇ ಬೆಳೆಸ್ಕೋತೀವಿ. ಆ ಮೊದಲನೇ ಶನಿವಾರ ಬಿಟ್ರೆ ನಿಮ್ಮ ಗೊಬ್ಬರ ನಮಗೆ ಬೇಕಾಗೇ ಇಲ್ಲ. ಅವನು ತಂದಿದ್ದೆಲ್ಲ ಲ್ಯಾಬಿನ ಹಿಂದೆ ಟೊಮೆಟೊ ಗಿಡಕ್ಕೆ ಹೋಗಿದೆ." ಆಕೆ ತಡೆದು ನಕ್ಕಳು. "ಇನ್ನೊಂದು ವಿಷಯ. ನಮ್ಮ ಲ್ಯಾಬಿಗೆ ವಾರದ ರಜೆ ಶುಕ್ರವಾರ."

ಶಿವಾನಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಆ ಮಾತನ್ನು ಮತ್ತೆ ಮತ್ತೆ ತಿರುವಿ ನೋಡಿದಳು. ಇದ್ದ ಒಂದೇ ರಜೆಯ ದಿನ, ಗೊಬ್ಬರ ಕೊಡುವುದಿಲ್ಲ ಎಂದು ಗೊತ್ತಿರುವ ದಿನವೇ, ಬಂದು ಕೂರುತ್ತಿದ್ದನಾ? ಕೊಡದಿದ್ದರೆ ತಾನೇ ಮರುದಿನ ಇನ್ನೊಮ್ಮೆ ಬರಲು ಆಗುವುದು!

ಎದೆ ಕರಗಿತು... ತಕ್ಷಣವೇ ಗಟ್ಟಿಯಾಯಿತು. 'ಇದೂ ಅವರಿಬ್ಬರ ನಾಟಕ ಇದ್ದರೆ? ಕಂಪನಿಗೆ ನಮ್ಮ ಒಪ್ಪಿಗೆ ಬೇಕಿದ್ದು, ಅದಕ್ಕೇ ಹೀಗೆ ಬಣ್ಣ ಕಟ್ಟಿ ಹೇಳಿದ್ದರೆ?'

ಶುಕ್ರವಾರ ಬಂತು. ಅವನು ಬರಲಿಲ್ಲ. ಶನಿವಾರವೂ ಇಲ್ಲ. ಬರಬೇಡಿ ಎಂದವಳು ತಾನೇ ಆದರೂ, ರಸ್ತೆಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಕತ್ತು ಅತ್ತ ತಿರುಗುತ್ತಿತ್ತು.

'ನೋಡಿದೆಯಾ? ಬೂಷ್ಟು ಸಿಕ್ಕಿತು, ಮನುಷ್ಯ ಮಾಯ!'

ಆ ಶನಿವಾರವೇ ಅಪ್ಪ ಟ್ರ್ಯಾಕ್ಟರ್ ಕರೆಸಿ ತಿಪ್ಪೆಯನ್ನೆಲ್ಲ ಅರಿಶಿನದ ಹೊಲಕ್ಕೆ ಹೊಡೆಸಿದ. ನಾಟಿಯ ಕಾಲ ಬಂದಿತ್ತು. ಸಂಜೆಯ ಹೊತ್ತಿಗೆ ಹಿತ್ತಲಲ್ಲಿ ಬರೀ ಕಪ್ಪು ನೆಲ ಉಳಿಯಿತು.

ಭಾನುವಾರ ಗುಂಡ್ಲುಪೇಟೆಯವರು ಬಂದರು. ಉಪ್ಪಿಟ್ಟಿನ ತಟ್ಟೆ ಕೈಯಲ್ಲೇ ಹಿಡಿದುಕೊಂಡು ಮಹದೇವಪ್ರಸಾದ್ ಹಿತ್ತಲಿಗೆ ನಡೆದ. ಅವನು ಅತ್ತ ಇತ್ತ ನೋಡುವುದನ್ನು ಶಿವಾನಿ ಬಾಗಿಲ ಮರೆಯಿಂದ ನೋಡಿದಳು.

"ತಿಪ್ಪೆ ಎಲ್ಲವ್ವ?"

"ಹೊಲಕ್ಕೆ ಹೊಡೆದ್ವಿ."

"ಎಲ್ಲಾನೂವಾ!" ಅವನ ಮುಖ ಸೂಜಿ ಚುಚ್ಚಿದ ಬಲೂನಾಯಿತು. "ಒಸಿ ಮಡೀಕಬಾರ್ದಾ?"

ಶಿವಾನಿ ನೇರ ನಡುಮನೆಗೆ ಬಂದು, ಎಲ್ಲರೆದುರೇ ಅಪ್ಪನಿಗೆ ಹೇಳಿದಳು. "ಅಪ್ಪ, ಉತ್ರ ಕೊಡು ಅಂದಿದ್ದೆಯಲ್ಲ. ಈ ಸಂಬಂಧ ನಂಗೆ ಬೇಡ."

ಚಿಕ್ಕಮಲ್ಲಪ್ಪ ಮಗಳ ಮುಖ ನೋಡಿದ, ಬಂದವರಿಗೆ ಕೈ ಮುಗಿದ. "ಮಗ್ಳು ಬ್ಯಾಡ ಅಂದ್ಮೇಲೆ ಮುಗೀತು. ಉಪ್ಪಿಟ್ಟು ಉಣ್ಕೊಂಡು ಒಂಟುಬುಡಿ."

ಅವರ ಕಾರು ತಿರುವಿನಲ್ಲಿ ಮರೆಯಾಗಿ ಸ್ವಲ್ಪ ಹೊತ್ತಾಗಿರಬಹುದು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಶಿವಾನಿ ತಲೆಯೆತ್ತಿದರೆ, ಎದುರಿಗೆ ಮೃತ್ಯುಂಜಯ. ಕೈಯಲ್ಲಿ ಕವರಿಲ್ಲ, ಥರ್ಮಾಮೀಟರಿಲ್ಲ. ಸರಿಯಾಗಿ ನಿದ್ದೆ ಮಾಡದ ಕಣ್ಣು.

"ಬರಬೇಡ ಅಂದಿದ್ರಿ. ಬಂದಿದ್ದೀನಿ. ಹೇಳಬೇಕಾದ್ದು ಹೇಳಿ ಹೋಗ್ತೀನಿ."

ಅವಳು ಪಾತ್ರೆಯನ್ನು ಇನ್ನೂ ಜೋರಾಗಿ ಉಜ್ಜಿದಳು.

"ಸುಳ್ಳು ಹೇಳಿದ್ದು ನಿಜ. ಸಿಕ್ತು ಅಂದಿದ್ರೆ ಮತ್ತೆ ಇಲ್ಲಿಗೆ ಬರೋಕೆ ಕಾರಣ ಇರ್ತಿರಲಿಲ್ಲ. ಅದಕ್ಕೇ ಬಾಯಿ ಬರಲಿಲ್ಲ. ನಿಮ್ಮನ್ನ ಕೇಳದೆ ಕಂಪನಿಯವರು ಬೂಷ್ಟು ಬೆಳೆಸೋಕೆ ಶುರು ಮಾಡಿದಾಗ್ಲೂ ಸುಮ್ಮನಿದ್ದೆ. ಅದು ದೊಡ್ಡ ತಪ್ಪು. ನೀವು ಬಂದು ಹೋದಾಗಿನಿಂದ ಕಂಪನಿ ಸಾಹೇಬರ ಹತ್ರ ಜಗಳ ಆಡಿ ಎಲ್ಲಾ ನಿಲ್ಲಿಸಿದ್ದೀನಿ. ನಿಮ್ಮ ಮನೆಯವರು ಹೂಂ ಅಂದ್ರೆ ಮಾತ್ರ, ನಿಮ್ಮ ಪಾಲು ಕೊಟ್ಟು ಮಾಡೋದು. ಇಲ್ಲಾಂದ್ರೆ ಇಲ್ಲ."

"ಇಲ್ಲ ಅಂದ್ರೆ?"

"ಬೂಷ್ಟಿನ ಮೂಲದ ಟ್ಯೂಬುಗಳು ನನ್ನ ಸುಪರ್ದಿಲಿದಾವೆ. ಕುದಿಸಿ ಚೆಲ್ಲಿಬಿಡ್ತೀನಿ."

"ನಿಮ್ಮ ಕೆಲಸ?"

"ಹೋಗುತ್ತೆ."

"ಸರಿ. ಚೆಲ್ಲಿ."

ಅವನು ಗಟ್ಟಿಯಾಗಿ ಉಸಿರೆಳೆದುಕೊಂಡ. ಫೋನು ತೆಗೆದ. "ಮೇಡಂ, ನಾನು ಮೃತ್ಯುಂಜಯ. ಉಡಿಗಾಲದ ಟ್ಯೂಬೆಲ್ಲ ಕುಕ್ಕರಿಗೆ ಹಾಕಿಬಿಡಿ... ಹೌದು, ಎಲ್ಲಾ..."  

ಶಿವಾನಿ ಸೋಪಿನ ಕೈಯಲ್ಲೇ ಫೋನು ಕಿತ್ತುಕೊಂಡಳು. "ಬೇಡ ಮೇಡಂ! ಏನೂ ಮಾಡಬೇಡಿ. ಇರ್ಲಿ, ಹಾಗೇ ಇರ್ಲಿ!"

ಫೋನು ಇಟ್ಟ ಮೇಲೂ ಅವಳ ಒಳಗಿನ ಹಾಳು ಅನುಮಾನ ಸಾಯಲಿಲ್ಲ. 'ಫೋನೂ ನಾಟಕ ಇರಬಹುದು. ಆ ಕಡೆ ಮೇಡಂ ನಗ್ತಿರಬಹುದು.' ಅವನ ಮುಖವನ್ನೇ ದಿಟ್ಟಿಸಿದಳು. ಆಗ ಅವಳ ಕಣ್ಣು ಅವನ ಕಾಲಿನ ಕಡೆ ಹೋಯಿತು.

ಅವನು ನಿಂತಿದ್ದು ಆ ಕಪ್ಪು ನೆಲದ ನಟ್ಟನಡುವೆ. ಮೊದಲ ದಿನ ಮಂಡಿಯೂರಿ ಕೂತಿದ್ದ ಜಾಗದಲ್ಲೇ.

"ಒಂದು ಮಾತು," ಎಂದಳು ಮೆಲ್ಲಗೆ. "ಏನೋ ಕಾಣಿಸ್ತಿಲ್ಲ ಅನ್ನಿಸಲ್ವಾ ನಿಮಗೆ?"

"ಏನು?" ಅವನು ಗಾಬರಿಯಿಂದ ಅವಳ ಮುಖವನ್ನೇ ಹುಡುಕಿದ. "ಹೂ ಮುಡಿದಿಲ್ಲ ಇವತ್ತು. ಯಾಕೆ, ಹುಷಾರಿಲ್ವಾ?"

"ಕೆಳಗೆ ನೋಡಿ."

ನೋಡಿದ. ಸುತ್ತ ತಿರುಗಿದ. ಬಾಯಿ ತೆರೆದು ನಿಂತ. "ಅರೆ! ತಿಪ್ಪೆ... ತಿಪ್ಪೆ ಎಲ್ಲಿ ಹೋಯ್ತು?"

ಬಂದಾಗಿನಿಂದ ಅವನು ಅದನ್ನು ನೋಡಿಯೇ ಇರಲಿಲ್ಲ! ಶಿವಾನಿಗೆ ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು. ಇಂಥದ್ದನ್ನು ಯಾರೂ ಹೇಳಿಕೊಟ್ಟು ಮಾಡಿಸಲು ಸಾಧ್ಯವಿಲ್ಲ. ತಡೆದುಕೊಂಡಿದ್ದ ಕಣ್ಣೀರನ್ನೆಲ್ಲ ಅವಳು ಅಲ್ಲೇ, ಅವನೆದುರಿಗೇ ಅತ್ತುಬಿಟ್ಟಳು.

"ಅಳಬೇಡಿ... ನಾನು ಹೋಗ್ತೀನಿ, ಅಳಬೇಡಿ."

"ಹೋಗಿ ನೋಡೋಣ!" ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಬೂಷ್ಟಿಗೆ ಅಪ್ಪನ ಹತ್ರ ಹೂಂ ಅನ್ನಿಸ್ತೀನಿ. ನಿಮ್ಮ ವಿಷಯ ನೀವೇ ಬಾಯಿ ಬಿಟ್ಟು ಕೇಳಬೇಕು. ನನ್ನನ್ನ ಕೇಳಿ ಮೊದಲು."

ಬೂಷ್ಟಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮನುಷ್ಯನಿಗೆ ನಾಲಿಗೆ ಒಣಗಿತು. "ನನಗೆ... ನೀವು ಅಂದ್ರೆ ಇಷ್ಟ. ಮೊದಲ ದಿನದಿಂದ. ಆ ಕುಡುಗೋಲು ಹಿಡಿದು ನಿಂತಿದ್ರಲ್ಲ, ಆಗಿನಿಂದ. ಮದುವೆ ಆಗ್ತೀರಾ?"

ಉತ್ತರಕ್ಕೆ ಮುಂಚೆ ಅಡುಗೆಮನೆ ಕಿಟಕಿಯಿಂದ ಅಜ್ಜಿಯ ಕೂಗು ಕೇಳಿತು. "ಆಗ್ತಾಳ ಕಣ ಬುಡಪ್ಪ, ಒಳಿಕ್ ಬಂದು ಅವರಪ್ಪನ್ ಕುಟ್ಟೆ ಮಾತಾಡು!"

ಇಬ್ಬರೂ ನಕ್ಕರು. ಮೃತ್ಯುಂಜಯ ಒಂದು ಹೆಜ್ಜೆ ಮುಂದೆ ಬಂದು, ಹೆದರುತ್ತಲೇ ಅವಳ ಸೋಪಿನ ಕೈ ಹಿಡಿದ.

"ಇನ್ನು ನನ್ನ ಮೇಲೆ ಅನುಮಾನ ಪಡಲ್ಲ ಅಲ್ವಾ?"

"ಪಡ್ತೀನಿ."

"ಇನ್ನೂನಾ?"

"ದಿನಾ ಪಡ್ತೀನಿ," ಎಂದಳು ಶಿವಾನಿ, ಕೈ ಬಿಡಿಸಿಕೊಳ್ಳದೆ. "ನೀವು ದಿನಾ ಪಕ್ಕದಲ್ಲೇ ಇದ್ದು ಉತ್ತರ ಹೇಳ್ತಿರಬೇಕು."